ಔಷಧಿ ಮುಟ್ಟದ ಮೀನು

ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲಿ ಅಡಿಕೆ ತೋಟದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು, ಹೊರೆ ಕಟ್ಟಿ ದನಗಳಿಗೆ ಹಾಕುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಮನೆಯಲ್ಲಿ ದನಗಳು ಕಡಿಮೆಯಾದ ಮೇಲೆ ಆ ಹುಲ್ಲೇ ಕಳೆಯಾಯಿತು. ಕೂಲಿಗೆ ಆಳು ಸಿಗದಂತಾದ ಮೇಲೆ ಕಳೆಗೆ ಔಷಧಿ ಬಂತು. ಹದಿನಾರು ಲೀಟರಿನ ಬೆನ್ನಿನ ಟ್ಯಾಂಕಿಗೆ ನೂರು ಎಂಎಲ್ ಸುರಿದು, ಮೇಲೆ ಕೆರೆಯ ನೀರನ್ನೋ ಬೋರ್‌ವೆಲ್ ನೀರನ್ನೋ ತುಂಬಿ ಚಿಕ್ಕಪ್ಪ ಬೆಳಗಿನ ಹೊತ್ತು ತೋಟ ಸುತ್ತಿದರೆ, ವಾರ ಕಳೆಯುವಷ್ಟರಲ್ಲಿ ನೆಲವೆಲ್ಲ ಬೂದುಹಳದಿಯಾಗಿರುತ್ತಿತ್ತು. ಊರಿನಲ್ಲಿ ಯಾರೂ ಅದನ್ನು ವಿಷವೆಂದು ಕರೆಯುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿಯೂ, ಮನೆಯಲ್ಲಿಯೂ ಅದರ ಹೆಸರು 'ಹುಲ್ಲಿನ ಔಷಧಿ'.

ತುಮಕೂರಿನಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿ ಸಂಶೋಧನೆಗೆ ಸೇರಿದಾಗ ನಾನು ಆರಿಸಿಕೊಂಡ ವಿಷಯ, ಇಂತಹ ಒಂದು ಕಳೆನಾಶಕವು ಮೀನಿನ ವಂಶವಾಹಿ ವಸ್ತುವಾದ ಡಿಎನ್‌ಎಗೆ ಹಾನಿ ಮಾಡುತ್ತದೆಯೇ ಎಂಬುದನ್ನು ಪರೀಕ್ಷಿಸುವುದು. ಆ ಕಳೆನಾಶಕದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಒಂದು ಜಾತಿಯ ಮೀನಿನ ಮೇಲೆ ಮಾಡಿದ ಒಂದು ಪ್ರಯೋಗದ ಫಲಿತಾಂಶವು ಊರೂರು ತಿರುಗಿ 'ಇಂಥದ್ದು ಕ್ಯಾನ್ಸರ್ ತರುತ್ತದಂತೆ' ಎಂದೋ, 'ಇಂಥದ್ದು ಏನೂ ಮಾಡುವುದಿಲ್ಲವಂತೆ' ಎಂದೋ ಬದಲಾಗುವುದನ್ನು ಈಗಾಗಲೇ ಸಾಕಷ್ಟು ಕಂಡಿದ್ದೇನೆ. ನಾನು ಹೇಳಬೇಕೆಂದಿರುವುದು ಆ ಪರೀಕ್ಷೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು.

ಡಬ್ಬಿಯ ಮೇಲಿನ ಬಣ್ಣದ ಗುರುತಿನಿಂದ ಆರಂಭಿಸುತ್ತೇನೆ, ಏಕೆಂದರೆ ಚಿಕ್ಕಪ್ಪನ ನಂಬಿಕೆ ನಿಂತಿದ್ದುದೇ ಅದರ ಮೇಲೆ. 1968ರ ಕೀಟನಾಶಕ ಕಾಯ್ದೆಯ ಕೆಳಗೆ 1971ರಲ್ಲಿ ಬಂದ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ಡೈಮಂಡ್ ಆಕಾರದ ಒಂದು ಚೌಕವಿರಬೇಕು. ಅದರ ಕೆಳಗಿನ ತ್ರಿಕೋನದ ಬಣ್ಣ ಕೆಂಪು, ಹಳದಿ, ನೀಲಿ ಅಥವಾ ಹಸಿರು. ಬಾಯಿಯ ಮೂಲಕ ಕೊಟ್ಟಾಗ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವು ದೇಹತೂಕದ ಒಂದು ಕಿಲೋಗೆ 50 ಮಿಲಿಗ್ರಾಂವರೆಗೆ ಇದ್ದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದನ್ನೂ ಮೀರಿದರೆ ಹಸಿರು. ಅಂದರೆ ಆ ಬಣ್ಣ ಹೇಳುವುದು ಎಷ್ಟು ಕುಡಿದರೆ ಸಾಯುತ್ತಾರೆ ಎಂಬುದನ್ನು ಮಾತ್ರ. ಸಾಯದೆ ಉಳಿದ ಜೀವಿಯ ಕೋಶದೊಳಗೆ ಡಿಎನ್‌ಎ ತುಂಡಾಗಿದೆಯೇ, ತುಂಡಾದದ್ದು ಸರಿಹೋಗದೆ ಮುಂದಿನ ಕೋಶಕ್ಕೆ ದಾಟಿದೆಯೇ ಎಂಬ ಪ್ರಶ್ನೆಗೆ ಹಸಿರು ತ್ರಿಕೋನದಲ್ಲಿ ಉತ್ತರವಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆಗಳಿದ್ದು, ನೋಂದಣಿಯ ಸಮಯದಲ್ಲಿ ಕಂಪನಿಗಳು ಅವುಗಳ ವರದಿಯನ್ನು ಸಲ್ಲಿಸುತ್ತವೆ. ಆದರೆ ಅದು ಡಬ್ಬಿಯ ಮೇಲೆ ಬರುವುದಿಲ್ಲ.

ಇಲಿಯ ಬದಲು ಮೀನನ್ನು ಆರಿಸಲು ಕಾರಣ ಸರಳವಾಗಿತ್ತು. ತೋಟದಲ್ಲಿ ಹೊಡೆದದ್ದು ಮಳೆಗೆ ಹರಿದು ಸೇರುವುದು ಕೆರೆಗೆ. ಕೆರೆಯಲ್ಲಿ ಅದರೊಳಗೇ ಉಸಿರಾಡಬೇಕಾದದ್ದು ಮೀನು. ಸಾಮಾನ್ಯ ಗೆಂಡೆ ಮೀನು ನಮ್ಮ ಕೆರೆಗಳಲ್ಲಿ ಹೇರಳವಾಗಿ ಬೆಳೆಯುತ್ತದೆ, ತೊಟ್ಟಿಯಲ್ಲಿ ಸಾಕಲು ಸುಲಭ. ಒಂದೇ ತೊಡಕೆಂದರೆ ಅದರ ವರ್ಣತಂತುಗಳು, ಅಂದರೆ ಕೋಶಕೇಂದ್ರದಲ್ಲಿ ಡಿಎನ್‌ಎಯನ್ನು ಹೊತ್ತ ಎಳೆಗಳು. ಮನುಷ್ಯನ ಕೋಶದಲ್ಲಿ 46, ಇಲಿಮರಿಯಂತಹ ಪ್ರಯೋಗಾಲಯದ ಬಿಳಿ ಚಿಟ್ಟಿಲಿಯಲ್ಲಿ 40 ವರ್ಣತಂತುಗಳಿದ್ದರೆ, ಗೆಂಡೆಯಲ್ಲಿ 100 ಇವೆ, ಅವೂ ಅಕ್ಕಿನುಚ್ಚಿನಂತೆ ಸಣ್ಣವು. ಅವನ್ನು ಒಂದೊಂದಾಗಿ ಹರಡಿ ಯಾವುದು ಮುರಿದಿದೆ ಎಂದು ಗುರುತಿಸುವುದು ಹರಸಾಹಸ. ಆದ್ದರಿಂದ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಯನ್ನು ಹಿಡಿದೆ. ಕೋಶ ಇಬ್ಭಾಗವಾಗುವಾಗ ವರ್ಣತಂತುವಿನ ಮುರಿದ ತುಂಡೊಂದು, ಅಥವಾ ಎಳೆಯುವ ದಾರ ತಪ್ಪಿಸಿಕೊಂಡ ಇಡೀ ವರ್ಣತಂತುವೊಂದು, ಹೊಸ ಕೋಶಕೇಂದ್ರದೊಳಗೆ ಸೇರದೆ ಹೊರಗೇ ಉಳಿದು, ತನ್ನದೇ ಪೊರೆ ಕಟ್ಟಿಕೊಂಡು ಚಿಕ್ಕ ಚುಕ್ಕೆಯಾಗಿ ನಿಲ್ಲುತ್ತದೆ. ಆ ಚುಕ್ಕೆಗಳನ್ನು ಎಣಿಸಿದರೆ ಮುರಿತದ ಲೆಕ್ಕ ಸಿಗುತ್ತದೆ. 1970ರ ದಶಕದಲ್ಲಿ ಇಲಿಗಳ ಮೂಳೆಮಜ್ಜೆಯಲ್ಲಿ ರೂಪುಗೊಂಡ ಈ ವಿಧಾನವನ್ನು 1982ರಲ್ಲಿ ಹೂಫ್ಟ್‌ಮನ್ ಮತ್ತು ಡಿ ರಾಟ್ ಮೀನಿನ ರಕ್ತಕ್ಕೆ ಅನ್ವಯಿಸಿದರು. ನಮ್ಮ ಕೆಂಪು ರಕ್ತಕಣಗಳಂತಲ್ಲದೆ ಮೀನಿನ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಉಳಿದಿರುತ್ತದೆ. ಅದರ ಪಕ್ಕದಲ್ಲೇ ಚುಕ್ಕೆ ಇದೆಯೋ ಇಲ್ಲವೋ ಎಂದು ನೋಡಿದರಾಯಿತು. ಒಂದು ಹನಿ ರಕ್ತ ಸಾಕು. ಕಾಗದದ ಮೇಲೆ ಇದಕ್ಕಿಂತ ಸುಲಭವಾದ ಪ್ರಯೋಗವಿಲ್ಲ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯಡಿ ಪ್ರತಿ ಸಂಸ್ಥೆಯಲ್ಲೂ ಇರುವ ಪ್ರಾಣಿ ನೈತಿಕ ಸಮಿತಿಯ ಮುಂದೆ ನನ್ನ ಅರ್ಜಿ ಹೋಯಿತು. ಎಷ್ಟು ಮೀನು, ಏಕೆ ಅಷ್ಟು, ನೋವು ಹೇಗೆ ತಗ್ಗಿಸುತ್ತೀರಿ, ಕೊನೆಗೆ ಅವುಗಳನ್ನು ಏನು ಮಾಡುತ್ತೀರಿ ಎಂದು ಪುಟಗಟ್ಟಲೆ ಬರೆಯಬೇಕು. ಸಮಿತಿಯಲ್ಲಿದ್ದ ಹಿರಿಯ ಪಶುವೈದ್ಯರೊಬ್ಬರು ಕೇಳಿದ ಪ್ರಶ್ನೆ ಮಾತ್ರ ನೆನಪಿನಲ್ಲಿ ಉಳಿದಿದೆ: "ಒಂದು ಗುಂಪಿಗೆ ಹತ್ತು ಮೀನು ಅಂತ ಬರ್ದಿದ್ದೀರಲ್ಲಮ್ಮ, ಐದರಲ್ಲಿ ಗೊತ್ತಾಗದ್ದು ಹತ್ತರಲ್ಲಿ ಗೊತ್ತಾಗುತ್ತೆ ಅಂತ ಲೆಕ್ಕ ಹಾಕಿ ತೋರಿಸ್ತೀರಾ?" ನನ್ನಿಂದ ಆಗಲಿಲ್ಲ. ಐದಕ್ಕೆ ಇಳಿಸಿದೆ. ರಕ್ತ ತೆಗೆಯುವ ಮೊದಲು ಮೀನುಗಳಿಗೆ ಮಂಪರು ಬರಿಸಲು ಲವಂಗದ ಎಣ್ಣೆ ಬಳಸುವುದೆಂದು ತೀರ್ಮಾನವಾಯಿತು. ಮುಂದೆ ಎರಡು ವರ್ಷ ನಮ್ಮ ಪ್ರಯೋಗಾಲಯದಲ್ಲಿ ಹಲ್ಲುನೋವಿನ ವಾಸನೆಯೇ ತುಂಬಿತ್ತು.

ಅದಾದ ಮೇಲೆ ಎದುರಾದದ್ದು ನಾನು ಯೋಚಿಸಿಯೇ ಇರದ ಪ್ರಶ್ನೆ: ಪರೀಕ್ಷಿಸಬೇಕಾದ ವಸ್ತು ಯಾವುದು? ರಾಸಾಯನಿಕ ಕಂಪನಿಯಿಂದ ತರಿಸುವ ಶುದ್ಧ ಪುಡಿಯೇ, ಅಂಗಡಿಯ ಡಬ್ಬಿಯಲ್ಲಿರುವ ದ್ರಾವಣವೇ, ಅಥವಾ ಚಿಕ್ಕಪ್ಪನ ಟ್ಯಾಂಕಿನಲ್ಲಿರುವುದೇ? ಈ ಮೂರೂ ಒಂದೇ ಅಲ್ಲ. ಡಬ್ಬಿಯೊಳಗೆ ಕಳೆ ಕೊಲ್ಲುವ ಮೂಲವಸ್ತುವಿನ ಜೊತೆಗೆ, ಅದು ಎಲೆಯ ಮೇಣದ ಪದರಕ್ಕೆ ಅಂಟಿ ಒಳಗಿಳಿಯಲೆಂದು ಸೋಪಿನಂತಹ ವಸ್ತುಗಳನ್ನು ಸೇರಿಸಿರುತ್ತಾರೆ. ಗ್ಲೈಫೋಸೇಟ್ ಎಂಬ ಕಳೆನಾಶಕದ ಕೆಲವು ಉತ್ಪನ್ನಗಳಲ್ಲಿದ್ದ ಪಿಒಇಎ ಎಂಬ ಅಂತಹ ವಸ್ತು ಜಲಚರಗಳಿಗೆ ಮೂಲವಸ್ತುವಿಗಿಂತಲೂ ಹೆಚ್ಚು ಅಪಾಯಕಾರಿಯೆಂದು ಕಂಡುಬಂದಿತ್ತು. 2016ರಲ್ಲಿ ಐರೋಪ್ಯ ಒಕ್ಕೂಟ ಗ್ಲೈಫೋಸೇಟ್ ಉತ್ಪನ್ನಗಳಲ್ಲಿ ಅದನ್ನು ನಿಷೇಧಿಸಿತು. ಇನ್ನು ಚಿಕ್ಕಪ್ಪನ ಟ್ಯಾಂಕಿಗೆ ಬಂದರೆ, ಅವರು ಔಷಧಿಯ ಜೊತೆಗೆ ಎರಡು ಹಿಡಿ ಯೂರಿಯಾ, ಒಂದು ಹಿಡಿ ಉಪ್ಪು, ಕೆಲವು ಸಲ ಬಟ್ಟೆ ಸೋಪಿನ ಪುಡಿಯನ್ನೂ ಹಾಕುತ್ತಿದ್ದರು. ಕೇಳಿದರೆ "ಬರೀ ಔಷಧಿ ಹೊಡೆದ್ರೆ ಜೇಕು ಸಾಯಲ್ಲ ಕಣಮ್ಮ" ಎನ್ನುತ್ತಿದ್ದರು. ಅವರ ಅನುಭವದಲ್ಲಿ ರಸಾಯನಶಾಸ್ತ್ರ ಇಲ್ಲದೆ ಇರಲಿಲ್ಲ. ನಮ್ಮ ಬೋರ್‌ವೆಲ್ ನೀರು ಬಹಳ ಗಡಸು. ಗ್ಲೈಫೋಸೇಟ್‌ನಂತಹ ವಸ್ತು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಅಂಟಿಕೊಂಡು ಒಂದಿಷ್ಟು ಶಕ್ತಿ ಅಲ್ಲೇ ಕಳೆದುಕೊಳ್ಳುತ್ತದೆ, ಅಮೋನಿಯಂ ಸಲ್ಫೇಟಿನಂತಹ ಗೊಬ್ಬರ ಸೇರಿಸಿದರೆ ಆ ಅಂಟು ಕಡಿಮೆಯಾಗುತ್ತದೆ.

ಜಗತ್ತಿನ ದೊಡ್ಡ ಸಂಸ್ಥೆಗಳು ಜಗಳವಾಡಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆಯ ಸುತ್ತ ಎಂದು ಆಮೇಲೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರ ಮಾರ್ಚ್‌ನಲ್ಲಿ ಗ್ಲೈಫೋಸೇಟನ್ನು ಮನುಷ್ಯರಲ್ಲಿ 'ಪ್ರಾಯಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿತು. ವಂಶವಾಹಿ ಹಾನಿಗೆ ಬಲವಾದ ಪುರಾವೆ ಇದೆಯೆಂದೂ ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಅಂತಹ ಸಾಧ್ಯತೆ ಕಡಿಮೆ ಎಂದಿತು. ಮೊದಲನೆಯದು ಪ್ರಕಟಿತ ಸಂಶೋಧನೆಗಳನ್ನು, ಅವುಗಳಲ್ಲಿ ಅಂಗಡಿಯ ಉತ್ಪನ್ನಗಳ ಮೇಲೆ ನಡೆದವನ್ನೂ ಸೇರಿಸಿ, ತೂಗಿ ನೋಡಿತ್ತು. ಎರಡನೆಯದು ಶುದ್ಧ ಮೂಲವಸ್ತುವಿನ ಮೇಲೆ ನಿಂತು, ನೋಂದಣಿಗಾಗಿ ಕಂಪನಿಗಳು ಮಾಡಿಸಿದ ಪರೀಕ್ಷೆಗಳಿಗೂ ಹೆಚ್ಚಿನ ತೂಕ ಕೊಟ್ಟಿತ್ತು. ಇಬ್ಬರೂ ಸುಳ್ಳು ಹೇಳಬೇಕಾದ ಅಗತ್ಯವಿರಲಿಲ್ಲ. ಒಬ್ಬರ ಕೈಯಲ್ಲಿ ಡಬ್ಬಿ ಇತ್ತು, ಇನ್ನೊಬ್ಬರ ಕೈಯಲ್ಲಿ ಪುಡಿ ಇತ್ತು. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ಒಪ್ಪಿಗೆ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ; 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕವೇ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ನಮ್ಮ ಅಡಿಕೆ ತೋಟಗಳಿಗೆ ಈ ಸುದ್ದಿ ತಲುಪಿದ ಲಕ್ಷಣ ಕಾಣಲಿಲ್ಲ.

ಗೈಡ್ ಮೇಡಂ ಜೊತೆ ಚರ್ಚಿಸಿ ಕೊನೆಗೆ ಡಬ್ಬಿಯ ದ್ರಾವಣವನ್ನೇ ಪರೀಕ್ಷಿಸುವುದೆಂದು ನಿರ್ಧರಿಸಿದೆ. ಯೂರಿಯಾ, ಉಪ್ಪು, ಸೋಪುಪುಡಿಯ ಮಿಶ್ರಣ ಬಿಟ್ಟುಹೋಯಿತು. ನಿಜವಾಗಿ ಹೊಲದಲ್ಲಿ ಬೀಳುವುದು ಅದೇ ಎಂಬ ಅಸಮಾಧಾನ ನನಗೆ ಈಗಲೂ ಇದೆ.

ಹಾನಿಯನ್ನು ಅಳೆಯುವ ಮೊದಲು ಸಾವನ್ನು ಅಳೆಯಬೇಕು. ನಾಲ್ಕು ದಿನ, ಅಂದರೆ 96 ಗಂಟೆಗಳಲ್ಲಿ ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಪ್ರಮಾಣ ಯಾವುದೆಂದು ತಿಳಿದುಕೊಂಡು, ಅದರ ನಾಲ್ಕನೇ, ಎಂಟನೇ, ಹದಿನಾರನೇ ಒಂದು ಭಾಗದಷ್ಟನ್ನು ಮುಂದಿನ ಪ್ರಯೋಗಕ್ಕೆ ಇಟ್ಟುಕೊಳ್ಳುವುದು ವಾಡಿಕೆ. ಐದು ಪ್ರಮಾಣಗಳು, ಒಂದೊಂದಕ್ಕೆ ಏಳು ಮೀನು. ಆ ದಿನಗಳಲ್ಲಿ ಅವಕ್ಕೆ ಆಹಾರವಿಲ್ಲ. ನಾನು ತೊಟ್ಟಿಗಳ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಹೆಚ್ಚಿನ ಪ್ರಮಾಣದ ತೊಟ್ಟಿಯಲ್ಲಿ ಮೀನುಗಳು ಮೊದಲು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ, ಆಮೇಲೆ ಓರೆಯಾಗಿ ಈಜುತ್ತವೆ, ಆಮೇಲೆ ಮೈ ತುಂಬ ಲೋಳೆ ಸುರಿಸಿಕೊಂಡು ತಳ ಸೇರುತ್ತವೆ. ಸತ್ತದ್ದನ್ನು ಕೂಡಲೇ ತೆಗೆದು ಸಮಯ ಬರೆಯಬೇಕು. ಈ ಭಾಗದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಮೂಲ ಪ್ರಯೋಗಕ್ಕೆ ಬೇಕಾದ ಮೀನುಗಳನ್ನು ನಮ್ಮೂರ ಕಡೆಯ ಕೆರೆಯೊಂದರಿಂದಲೇ ತಂದೆ. ಬಲೆ ಬಿಡುವವರು ಪರಿಚಯದವರು, ಮೀನು ಗಟ್ಟಿಮುಟ್ಟಾಗಿದ್ದವು, ಬೆಲೆಯೂ ಕಡಿಮೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿಸಿಕೊಂಡು ಟೆಂಪೋದಲ್ಲಿ ತುಮಕೂರಿಗೆ ಸಾಗಿಸಿ, ಎರಡು ವಾರ ತೊಟ್ಟಿಯ ನೀರಿಗೆ ಒಗ್ಗಿಸಿ, ಐದು ಗುಂಪು ಮಾಡಿದೆ: ಕಳೆನಾಶಕದ ಮೂರು ಪ್ರಮಾಣಗಳಿಗೆ ಮೂರು, ಖಂಡಿತ ಹಾನಿ ಮಾಡುತ್ತದೆಂದು ಗೊತ್ತಿರುವ ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧಿಗೆ ಒಂದು, ಹೋಲಿಕೆಗಾಗಿ ಬರಿಯ ನೀರಿನಲ್ಲಿ ಬಿಡುವ ಕಂಟ್ರೋಲ್ ಗುಂಪು ಇನ್ನೊಂದು. ಎರಡು, ನಾಲ್ಕು, ಏಳು, ಹದಿನಾಲ್ಕನೇ ದಿನಗಳಂದು ಪ್ರತಿ ಗುಂಪಿನಿಂದ ಐದೈದು ಮೀನುಗಳ ರಕ್ತ ತೆಗೆಯಬೇಕು. ಒಟ್ಟು ನೂರು ಮೀನು. ಮೀನಿಗೆ ಎರಡು ಸಾವಿರ ಕೋಶದಂತೆ 2 ಲಕ್ಷ ಕೋಶ.

ರಕ್ತ ತೆಗೆಯುವುದು ಕೈಗೆ ಕೂರಲು ಒಂದು ತಿಂಗಳು ಹಿಡಿಯಿತು. ಮಂಪರು ಹತ್ತಿದ ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಬಾಲದ ಬುಡದಲ್ಲಿ ಕೆಳಗಿನಿಂದ ಸೂಜಿ ಚುಚ್ಚಿ ಬೆನ್ನುಮೂಳೆ ತಾಗುವವರೆಗೆ ಒಳಗೆ ಬಿಡಬೇಕು. ಮೂಳೆ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ಎಳೆದರೆ ರಕ್ತನಾಳ ಸಿಗುತ್ತದೆ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಸವರಿದ ಸಿರಿಂಜಿನೊಳಗೆ ಕೆಂಪು ಏರುತ್ತದೆ. ಮೊದಲ ತೊಟ್ಟನ್ನು ಗಾಜಿನ ಸ್ಲೈಡಿನ ತುದಿಯಲ್ಲಿಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಎಳೆತದಲ್ಲಿ ಮುಂದಕ್ಕೆ ಒಯ್ಯಬೇಕು. ಕೈ ನಡುಗಿದರೆ ರಕ್ತ ದೋಸೆಕಾವಲಿಯ ಮೇಲೆ ಸರಿಯಾಗಿ ಹರಡದ ಹಿಟ್ಟಿನಂತೆ ಅಲೆಅಲೆಯಾಗುತ್ತದೆ, ಕೋಶಗಳು ಒಂದರ ಮೇಲೊಂದು ಬಿದ್ದು ಎಣಿಕೆಗೆ ಬಾರವು. ಒಣಗಿದ ಮೇಲೆ ಹತ್ತು ನಿಮಿಷ ಮೆಥನಾಲ್, ಆಮೇಲೆ ಅರ್ಧ ಗಂಟೆ ಜೀಮ್ಸಾ ಬಣ್ಣ, ತೊಳೆಯಲು 6.8 ಪಿಎಚ್‌ನ ಬಫರ್. ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ, ಮಸುಕು ಗುಲಾಬಿ ಬಣ್ಣದ ಮೊಟ್ಟೆಯಾಕಾರದ ಕೋಶಗಳು, ಪ್ರತಿಯೊಂದರ ನಡುವೆ ನೇರಳೆ ಬಣ್ಣದ ಕೋಶಕೇಂದ್ರ.

ಚುಕ್ಕೆಯೊಂದು ಕಂಡ ಮಾತ್ರಕ್ಕೆ ಅದನ್ನು ಎಣಿಸುವಂತಿಲ್ಲ. ಅದು ಮುಖ್ಯ ಕೋಶಕೇಂದ್ರದ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು, ಅದರಿಂದ ಬೇರ್ಪಟ್ಟಿರಬೇಕು, ಅದರದೇ ಬಣ್ಣ ಹೊಂದಿರಬೇಕು, ಅಂಚು ದುಂಡಗೆ ಸ್ಪಷ್ಟವಾಗಿರಬೇಕು, ಮಸೂರವನ್ನು ಮೇಲೆ ಕೆಳಗೆ ಆಡಿಸಿದಾಗ ಮಿಂಚಬಾರದು. ಮಿಂಚಿದರೆ ಅದು ಜೀಮ್ಸಾ ಬಣ್ಣದ ಕಸ.

ಏಳನೇ ದಿನದ ಸ್ಲೈಡುಗಳನ್ನು ಎಣಿಸಿ ಮುಗಿಸಿದಾಗ ನನಗೆ ಸಂತೋಷವೇ ಆಗಿತ್ತು, ಏಕೆಂದರೆ ಕಳೆನಾಶಕದ ಮೂರೂ ಗುಂಪುಗಳಲ್ಲಿ ಚುಕ್ಕೆಗಳು ಧಾರಾಳವಾಗಿದ್ದವು. ಕಂಟ್ರೋಲ್ ಗುಂಪನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದರಲ್ಲಿ ಸಾವಿರಕ್ಕೆ ಒಂದೆರಡು ಸಿಕ್ಕರೆ ಹೆಚ್ಚು ಎಂಬ ಎಣಿಕೆಯಲ್ಲಿ ಮೊದಲ ಸ್ಲೈಡನ್ನು ಮಸೂರದ ಕೆಳಗಿಟ್ಟರೆ, ಎರಡು ಸಾವಿರ ಕೋಶ ಮುಗಿಯುವಷ್ಟರಲ್ಲಿ ಹನ್ನೊಂದು ಚುಕ್ಕೆ. ಎರಡನೆಯ ಮೀನಿನಲ್ಲಿ ಒಂಬತ್ತು. ನೀರಲ್ಲದೆ ಬೇರೇನನ್ನೂ ಕಾಣದ ಮೀನುಗಳ ಕೋಶಗಳೂ ಔಷಧಿ ಕುಡಿದವುಗಳಂತೆಯೇ ಮುರಿದಿದ್ದವು. ಮೇಡಂ ಬಂದು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಬಣ್ಣ ಸೋಸು" ಎಂದರು.

ಬಣ್ಣವನ್ನು ಸೋಸಿದೆ, ಹೊಸ ಬಾಟಲಿ ತರಿಸಿದೆ, ಉಳಿಸಿದ್ದ ಎರಡನೇ ಸ್ಲೈಡುಗಳಿಗೆ ಮತ್ತೆ ಬಣ್ಣ ಕೊಟ್ಟೆ. ಚುಕ್ಕೆಗಳು ಸ್ವಲ್ಪ ಕಡಿಮೆಯಾದವು, ಅಂದರೆ ಮೊದಲ ಸಲ ನಾನು ಕಸವನ್ನೂ ಎಣಿಸಿದ್ದೆ. ಆದರೂ ಹೆಚ್ಚೇ ಇದ್ದವು. ತೊಟ್ಟಿಯ ನೀರನ್ನು, ಮೀನಿನ ಆಹಾರವನ್ನು, ಗಾಳಿ ಊದುವ ಪಂಪಿನ ರಬ್ಬರ್ ನಳಿಕೆಯನ್ನೂ ಸಂಶಯದಿಂದ ನೋಡಿದೆ. ಒಂದು ಭಾನುವಾರ ಊರಿಗೆ ಹೋದಾಗ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆ. ತೂಬಿನ ಹತ್ತಿರದ ಮೆಟ್ಟಿಲಿನಲ್ಲಿ ಇಬ್ಬರು ಬೆನ್ನಿನ ಟ್ಯಾಂಕುಗಳನ್ನು ಮಗುಚಿ ತೊಳೆಯುತ್ತಿದ್ದರು. ನೊರೆ ಬಿಳಿಯಾಗಿ ನೀರಿನ ಮೇಲೆ ತೇಲಿ ದಡದ ಆಪಿನ ಹುಲ್ಲಿಗೆ ಅಂಟಿಕೊಳ್ಳುತ್ತಿತ್ತು. ಅದೇನೂ ಹೊಸ ದೃಶ್ಯವಲ್ಲ. ಚಿಕ್ಕಪ್ಪನೂ ಅಲ್ಲೇ ತೊಳೆಯುತ್ತಿದ್ದರು, ಸಣ್ಣವಳಿದ್ದಾಗ ಟ್ಯಾಂಕಿಗೆ ನೀರು ಮೊಗೆದು ಕೊಟ್ಟವಳು ನಾನೇ. ಆದರೆ ಆವರೆಗೆ ನನ್ನ ತಲೆಗೆ ಹೊಳೆದಿರದ ವಿಷಯ ಅಲ್ಲಿ ಹೊಳೆಯಿತು. ಮೀನಿನ ಕೆಂಪು ರಕ್ತಕಣ ತಿಂಗಳುಗಟ್ಟಲೆ ಬದುಕುತ್ತದೆ. ಕೆರೆಯಲ್ಲಿದ್ದಾಗ ಆದ ಹಾನಿಯ ಗುರುತನ್ನು ಎರಡು ವಾರದ ಒಗ್ಗಿಸುವಿಕೆ ಅಳಿಸಿಹಾಕಲಾರದು. ನಾನು 'ಶುದ್ಧ' ಎಂದು ಚೀಟಿ ಅಂಟಿಸಿದ ಮೀನು ಶುದ್ಧವಾಗಿ ಬಂದೇ ಇರಲಿಲ್ಲ. ಆ ಕೆರೆಗೆ ಊರಿನ ಚರಂಡಿ, ದ್ರಾಕ್ಷಿ ತೋಟವೊಂದರ ಬಸಿನೀರು, ಬಟ್ಟೆ ಒಗೆದ ನೀರು ಎಲ್ಲವೂ ಸೇರುತ್ತಿದ್ದುದರಿಂದ ಹಾನಿ ಯಾವುದರಿಂದ ಎಂದು ಬೊಟ್ಟು ಮಾಡಿ ಹೇಳುವ ಹಕ್ಕೂ ನನಗಿರಲಿಲ್ಲ.

ಒಂಬತ್ತು ತಿಂಗಳ ಕೆಲಸವನ್ನು ಪೆಟ್ಟಿಗೆಗೆ ಹಾಕಿ, ಸಮಿತಿಗೆ ಮತ್ತೆ ನೂರು ಮೀನುಗಳಿಗಾಗಿ ಅರ್ಜಿ ಬರೆದೆ. ಅದೇ ಪಶುವೈದ್ಯರು ಓದಿ, "ಈ ಸಲ ಎಲ್ಲಿಂದ ತರ್ತೀರಿ?" ಎಂದಷ್ಟೇ ಕೇಳಿದರು. ಮೀನುಮರಿ ಉತ್ಪಾದನಾ ಕೇಂದ್ರವೊಂದರಿಂದ ಒಂದೇ ತಾಯಿಮೀನುಗಳ ಮರಿಗಳನ್ನು ತಂದು, ನಮ್ಮದೇ ತೊಟ್ಟಿಗಳಲ್ಲಿ ಐದು ತಿಂಗಳು ಬೆಳೆಸಿದೆ. ಬೆಳೆಸುತ್ತಿರುವಾಗಲೇ ತಿಂಗಳಿಗೊಮ್ಮೆ ಎರಡು ಮೂರು ಮೀನುಗಳ ಒಂದು ಹನಿ ರಕ್ತ ತೆಗೆದು ನೋಡುತ್ತಿದ್ದೆ. ಮೂರನೆಯ ತಿಂಗಳ ಸ್ಲೈಡಿನಲ್ಲಿ ಎರಡು ಸಾವಿರಕ್ಕೆ ಎರಡು ಚುಕ್ಕೆ ಸಿಕ್ಕ ದಿನ ನಮ್ಮ ಅಟೆಂಡರ್ ಅಣ್ಣನಿಗೆ ಕಾಫಿ ಕೊಡಿಸಿದೆ. ಸೊನ್ನೆ ಎಲ್ಲಿದೆ ಎಂದು ತಿಳಿದುಕೊಳ್ಳಲು ನನಗೆ ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು; ಕಳೆನಾಶಕದ ಪ್ರಯೋಗ ನಡೆದದ್ದು ಹದಿನಾಲ್ಕೇ ದಿನ.

ಎರಡನೆಯ ಸಲ ಇನ್ನೊಂದು ಪಾಠವನ್ನೂ ಪಾಲಿಸಿದೆ. ಮೊದಲ ಸಲ ಯಾವ ಸ್ಲೈಡು ಯಾವ ಗುಂಪಿನದೆಂದು ನೋಡಿಕೊಂಡೇ ಎಣಿಸಿದ್ದೆ. ಕೋಶಕೇಂದ್ರದಿಂದ ಮೊಗ್ಗಿನಂತೆ ಉಬ್ಬಿರುವುದು ಬೇರ್ಪಟ್ಟಿದೆಯೋ ಅಂಟಿಕೊಂಡಿದೆಯೋ ಎಂದು ಸಂದೇಹ ಬಂದಾಗ, ಔಷಧಿ ಗುಂಪಿನ ಸ್ಲೈಡಾದರೆ ಕಣ್ಣು ತಾನಾಗಿ 'ಬೇರ್ಪಟ್ಟಿದೆ' ಎನ್ನುತ್ತಿತ್ತು. ಇದು ಮೋಸವಲ್ಲ, ಆದರೆ ಮೋಸದ ಫಲಿತಾಂಶವನ್ನೇ ಕೊಡುತ್ತದೆ. ಈ ಸಲ ಅಟೆಂಡರ್ ಅಣ್ಣ ಸ್ಲೈಡುಗಳ ಚೀಟಿಗಳ ಮೇಲೆ ಕಪ್ಪು ಟೇಪು ಸುತ್ತಿ, ತನ್ನದೇ ಸಂಖ್ಯೆ ಬರೆದು, ಸಂಖ್ಯೆಗಳ ಪಟ್ಟಿಯನ್ನು ಒಂದು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ನಾಲ್ಕು ತಿಂಗಳು, ದಿನಕ್ಕೆ ನಾಲ್ಕೈದು ಸ್ಲೈಡಿನಂತೆ, ಎಡಗೈಯಲ್ಲಿ ಎಣಿಕೆಯ ಗುಂಡಿ ಒತ್ತುತ್ತ ಕುಳಿತೆ. ಐದಕ್ಕಿಂತ ಹೆಚ್ಚು ನೋಡಿದ ದಿನ ಚುಕ್ಕೆಗಳು ಕಡಿಮೆ ಸಿಗುತ್ತಿದ್ದವು, ಕಾರಣ ಕಣ್ಣಿನ ಆಯಾಸ. ಅಂತಹ ದಿನಗಳ ಸ್ಲೈಡುಗಳನ್ನು ಮರುದಿನ ಬೆಳಿಗ್ಗೆ ಮತ್ತೆ ಎಣಿಸಿದೆ.

ಜೊತೆಗೆ ಕಾಮೆಟ್ ಪರೀಕ್ಷೆಯನ್ನೂ ಮಾಡಿದೆ. ಅಗರೋಸ್ ಜೆಲ್ಲಿಯಲ್ಲಿ ಹುದುಗಿಸಿದ ಕೋಶದ ಪೊರೆಯನ್ನು ಕರಗಿಸಿ ವಿದ್ಯುತ್ ಹಾಯಿಸಿದಾಗ ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದಂತೆ ಹರಿಯುವುದನ್ನು ನೋಡುವ ವಿಧಾನ ಅದು; 1984ರಲ್ಲಿ ಶುರುವಾಗಿ 1988ರಲ್ಲಿ ಕ್ಷಾರದ ದ್ರಾವಣ ಬಳಸುವ ಈಗಿನ ರೂಪ ಪಡೆಯಿತು. ಮೈಕ್ರೋನ್ಯೂಕ್ಲಿಯಸ್ ಹೇಳುವುದು ಸರಿಹೋಗದೆ ಉಳಿದ ಮುರಿತವನ್ನು. ಕಾಮೆಟ್ ಹೇಳುವುದು ಈಗಷ್ಟೇ ಆದ, ನಾಳೆ ಕೋಶವೇ ಹೊಲಿದುಕೊಳ್ಳಬಹುದಾದ ಮುರಿತವನ್ನು. ಇಪ್ಪತ್ತು ನಿಮಿಷದ ವಿದ್ಯುತ್ ಹರಿವಿನ ನಡುವೆ ಕರೆಂಟು ಹೋದರೆ ಇಡೀ ದಿನದ ಕೆಲಸ ಹಾಳು. ಬೇಸಿಗೆಯಲ್ಲಿ ಹಾಗೆ ಆರು ಸಲ ಆಯಿತು, ಯುಪಿಎಸ್ ಬರುವ ಹೊತ್ತಿಗೆ ಮಳೆಗಾಲ ಬಂದಿತ್ತು.

ಲಕೋಟೆ ತೆರೆದದ್ದು ಮೇಡಂ ಕೋಣೆಯಲ್ಲಿ. ಮೊದಲು ನೋಡಿದ್ದು ಸೈಕ್ಲೋಫಾಸ್ಫಮೈಡ್ ಗುಂಪನ್ನು; ಅದರಲ್ಲಿ ಚುಕ್ಕೆಗಳು ಎದ್ದು ಕಾಣುವಷ್ಟು ಹೆಚ್ಚಿದ್ದರೆ ಮಾತ್ರ ನನ್ನ ಕಣ್ಣನ್ನು ನಂಬಬಹುದು. ಹೆಚ್ಚಿದ್ದವು. ಕಂಟ್ರೋಲ್ ಗುಂಪು ತನ್ನ ಜಾಗದಲ್ಲಿತ್ತು. ಕಳೆನಾಶಕದ ಅತಿ ಹೆಚ್ಚಿನ ಪ್ರಮಾಣದಲ್ಲಿ ಏಳನೇ ದಿನ ಸ್ಪಷ್ಟವಾದ ಏರಿಕೆ, ನಡುವಿನದರಲ್ಲಿ ಸಣ್ಣ ಏರಿಕೆ, ಅತಿ ಕಡಿಮೆಯದರಲ್ಲಿ ಕಂಟ್ರೋಲ್‌ಗೂ ಅದಕ್ಕೂ ವ್ಯತ್ಯಾಸ ಹೇಳಲಾಗದ ಸ್ಥಿತಿ. ಇಲ್ಲಿ ಒಂದು ಎಚ್ಚರ ಅಗತ್ಯ. ಎರಡು ಸಾವಿರ ಕೋಶಗಳನ್ನು ಐದು ಮೀನುಗಳಲ್ಲಿ ಎಣಿಸಿದರೆ ಹತ್ತು ಸಾವಿರ ಸಾಕ್ಷಿಗಳು ಸಿಕ್ಕವೆಂದು ಬೀಗುವುದುಂಟು. ಲೆಕ್ಕಕ್ಕೆ ಬರುವುದು ಐದೇ, ಏಕೆಂದರೆ ಔಷಧಿ ಕುಡಿದದ್ದು ಮೀನು. ಐದು ಮೀನಿನ ಬಲದಿಂದ ನಡುವಿನ ಗುಂಪಿನ ಏರಿಕೆಯನ್ನು ಖಚಿತವೆಂದು ಬರೆಯಲಾಗಲಿಲ್ಲ. ಇದರಿಂದ ಮನುಷ್ಯರ ಬಗ್ಗೆ ಏನನ್ನೂ ನೇರವಾಗಿ ಹೇಳಲೂ ಬಾರದು. ಕೆರೆಯಲ್ಲಿ ನಿಜವಾಗಿ ಎಷ್ಟು ಔಷಧಿ ಇರುತ್ತದೆ ಎಂದು ಅಳೆಯದೆ ಕೆರೆಯ ಮೀನಿನ ಬಗ್ಗೆಯೂ ಹೇಳಬಾರದು.

ಉಳಿದ ಮೀನುಗಳ ವಿಲೇವಾರಿಯ ದಿನ ಅಟೆಂಡರ್ ಅಣ್ಣ ಮೆಲ್ಲಗೆ ಬಂದು, "ಮೇಡಂ, ಬರೀ ನೀರಲ್ಲಿದ್ದವು ಚೆನ್ನಾಗೇ ಅವೆಯಲ್ಲ, ಸಾರಿಗೆ ಆಗಲ್ವಾ?" ಎಂದ. ಆಗುವುದಿಲ್ಲ. ಪ್ರಯೋಗದ ಯಾವ ಮೀನನ್ನೂ ತಿನ್ನುವಂತಿಲ್ಲ, ಕೆರೆಗೆ ಬಿಡುವಂತಿಲ್ಲ. ಹಳದಿ ಚೀಲದಲ್ಲಿ ಕಟ್ಟಿ ಸುಡಲು ಕಳಿಸಬೇಕು. ಜಿಲ್ಲೆಯಲ್ಲೇ ಅಷ್ಟು ಶುದ್ಧವಾದ ಗೆಂಡೆ ಬೇರೆ ಇರಲಿಕ್ಕಿಲ್ಲ ಎಂದು ಅವನಿಗೆ ಹೇಳಿದಾಗ ಇನ್ನಷ್ಟು ಬೇಸರ ಪಟ್ಟುಕೊಂಡ.

ಪ್ರಬಂಧ ಸಲ್ಲಿಸುವ ಮುಂಚೆ ಚಿಕ್ಕಪ್ಪ ಆಸ್ಪತ್ರೆಯ ಕೆಲಸಕ್ಕೆಂದು ತುಮಕೂರಿಗೆ ಬಂದವರು ನಮ್ಮ ವಿಭಾಗಕ್ಕೂ ಬಂದರು. ಸೂಕ್ಷ್ಮದರ್ಶಕದಲ್ಲಿ ಒಂದು ಚುಕ್ಕೆಯನ್ನು ನಡುವಿಗೆ ತಂದು ತೋರಿಸಿದೆ. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿ, "ಇಷ್ಟೇನಾ?" ಎಂದರು. ಇಷ್ಟೇ ಎಂದೆ. "ಹಂಗಾದ್ರೆ ಹೊಡೀಬಹುದೋ, ಹೊಡೀಬಾರದೋ?" ಎಂದು ಕೇಳಿದಾಗ, ಅತಿ ಹೆಚ್ಚು ಔಷಧಿ ಇದ್ದ ತೊಟ್ಟಿಯಲ್ಲಿ ಇದು ಹೆಚ್ಚಿತು, ಕಡಿಮೆ ಇದ್ದಲ್ಲಿ ಹೆಚ್ಚಿದ್ದು ನನಗೆ ಕಾಣಲಿಲ್ಲ, ಟ್ಯಾಂಕನ್ನಂತೂ ಕೆರೆಯಲ್ಲಿ ತೊಳೆಯಬೇಡಿ ಎಂದೆ. ಅವರು ಅದಕ್ಕೆ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಕೆರೆ ಮೀನಿಂದೂ ನೋಡಿದ್ದೆ ಅಂದಿದ್ದೆಯಲ್ಲ, ಅದನ್ನ ತೋರ್ಸು" ಎಂದರು.

ಬೀರುವಿನ ತಳದಿಂದ ಮೊದಲ ಸಲದ ಪೆಟ್ಟಿಗೆಯನ್ನು ತೆಗೆದೆ. ಧೂಳು ಒರೆಸಿದಾಗ ಮುಚ್ಚಳದ ಮೇಲೆ ನನ್ನ ಅಕ್ಷರದಲ್ಲಿ 'ಕಂಟ್ರೋಲ್' ಎಂದಿತ್ತು. ಚಿಕ್ಕಪ್ಪ ಮಸೂರಕ್ಕೆ ಕಣ್ಣಿಟ್ಟು ಚುಕ್ಕೆ ಹುಡುಕುತ್ತಿರುವಾಗ ಆ ಪದವನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆರೆಯ ಹೆಸರನ್ನೂ ಮೀನು ಹಿಡಿದ ತಾರೀಖನ್ನೂ ಬರೆದೆ.